ಪೆಟ್ಟು ಬಿದ್ದ ಮಿದುಳು, ಅಳೆಯುವ ನುಡಿ

(ಪುಣೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡ ಕನ್ನಡಿಗರ ವೇದಿಕೆಯಿಂದ ಕೇಳಿಬರುವ ವಿಷಯಗಳು ನಮಗೆಲ್ಲ ಪರಿಚಿತವಾದವು. ಮಕ್ಕಳಿಗೆ ಕನ್ನಡ ಕಲಿಸುವ ಬಗೆ, ಗಡಿಯ ತಕರಾರು, ಶಾಲೆಯ ಅನುದಾನ, ಸಾಹಿತ್ಯ, ಸಂಗೀತ. ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಈ ಸಾಲಿಗೆ ಸೇರುವಂಥದಲ್ಲ. ತಲೆಗೆ ಪೆಟ್ಟು ಬಿದ್ದು ಬದುಕುಳಿದ ಮನುಷ್ಯನ ನೆನಪು, ಗಮನ, ವಿವೇಚನೆಗಳನ್ನು ಅಳೆಯುವ ಪರೀಕ್ಷೆಗಳು ಮತ್ತು ಆ ಪರೀಕ್ಷೆಗಳ ಭಾಷೆ, ಇದು ನನ್ನ ವಿಷಯ. ನಾನು ವೈದ್ಯನಲ್ಲ, ಮನೋವಿಜ್ಞಾನಿಯೂ ಅಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಈ ವಿಷಯದ ಬಾಗಿಲಿಗೆ ನನ್ನನ್ನು ತಂದು ನಿಲ್ಲಿಸಿದ್ದು ಮನೆಯಲ್ಲಿ ನಡೆದ ಒಂದು ಘಟನೆ, ಮತ್ತು ಅದರಲ್ಲಿ ನಾನೇ ಮಾಡಿದ ಒಂದು ತಪ್ಪು. ಆ ತಪ್ಪನ್ನು ಒಪ್ಪಿಕೊಳ್ಳುವುದರಿಂದಲೇ ಮಾತನ್ನು ಆರಂಭಿಸುತ್ತೇನೆ.

ನನ್ನ ತಮ್ಮ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಇಪ್ಪತ್ತರ ವಯಸ್ಸಿನಲ್ಲಿ ನನ್ನ ಬೆನ್ನು ಹತ್ತಿ ಪುಣೆಗೆ ಬಂದ. ಗಾರೆ ಕೆಲಸದಿಂದ ಮೊದಲುಮಾಡಿ ಮೇಸ್ತ್ರಿಯಾದ. ಕೆಲಸದ ಜಾಗದಲ್ಲಿ ಮರಾಠಿ, ಹಿಂದಿ, ಮನೆಯಲ್ಲಿ ಕನ್ನಡ. ಮರಾಠಿಯನ್ನು ಕಿವಿಯಿಂದ ಕಲಿತನೇ ಹೊರತು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಸ್ಕೂಟರಿನಿಂದ ಬಿದ್ದ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಹೆಲ್ಮೆಟ್ ಕಡ್ಡಾಯವೆಂದು ಬರೆದಿದ್ದರೂ, 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟಾಗ ಪ್ರತಿಭಟನೆ ನಡೆಸಿದ ಊರು ನಮ್ಮದು. ನನ್ನ ತಮ್ಮನೂ ಮನಸ್ಸಿನಲ್ಲಿ ಆ ಪಕ್ಷದವನೇ ಆಗಿದ್ದ.

ಅವನು ಬದುಕಿದ. ಎರಡು ತಿಂಗಳಲ್ಲಿ ನಡೆದಾಡಿದ, ಮಾತಾಡಿದ, ಬಂದವರನ್ನೆಲ್ಲ ಗುರುತಿಸಿದ. ಮನೆಯವರು ದೇವರಿಗೆ ಕೈಮುಗಿದೆವು. ನಾಲ್ಕನೆಯ ತಿಂಗಳಿನಲ್ಲಿ, ಮತ್ತೆ ಕೆಲಸಕ್ಕೆ ಹೋಗಬಹುದೇ ಎಂಬ ಪ್ರಶ್ನೆಗಾಗಿಯೂ ಪರಿಹಾರದ ಅರ್ಜಿಗಾಗಿಯೂ, ವೈದ್ಯರು ಅವನನ್ನು ಮನೋವೈಜ್ಞಾನಿಕ ಪರೀಕ್ಷೆಗೆ ಕಳುಹಿಸಿದರು. ಪರೀಕ್ಷಿಸಿದವರು ಮರಾಠಿ ತರುಣಿ. ತಾಳ್ಮೆಯವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಇವನ ಮರಾಠಿ ಸಾಲದೆಂದು ಕಂಡಾಗ, ಮನೆಯವರು ಯಾರಾದರೂ ಹೇಳಿಕೊಡುವಿರಾ ಎಂದು ಕೇಳಿದರು. ನಾನು ದುಭಾಷಿಯಾಗಿ ಕುಳಿತೆ.

ಒಂದು ಪುಟ್ಟ ಕಥೆಯನ್ನು ಓದಿ ಹೇಳಿ, ನೆನಪಿದ್ದಷ್ಟನ್ನು ತಿರುಗಿ ಹೇಳಿಸುವ ಪರೀಕ್ಷೆ ಅದು. ತಮ್ಮ ಅಲ್ಲೊಂದು ಇಲ್ಲೊಂದು ತುಣುಕು ಹೇಳಿದ. ಎರಡರ ನಡುವೆ ಇದ್ದ ಕಂದಕವನ್ನು ನಾನು ಮರಾಠಿಯಲ್ಲಿ ಹೇಳುವಾಗ ಮುಚ್ಚಿದೆ. ಪದಗಳ ಪಟ್ಟಿಯಲ್ಲಿ ಅವನು “ಅದs… ಮರದಾಗಿಂದು…” ಎಂದು ತಡವರಿಸಿದರೆ, ನಾನು ಹಣ್ಣಿನ ಹೆಸರನ್ನೇ ಹೇಳಿದೆ. ಮೋಸ ಮಾಡಬೇಕೆಂಬ ಉದ್ದೇಶವಿರಲಿಲ್ಲ. ಅಣ್ಣನಾದವನ ನಾಲಿಗೆ ತಾನಾಗಿ ತಮ್ಮನ ಮಾತನ್ನು ಪೂರ್ಣಗೊಳಿಸಿತು, ಅಷ್ಟೆ. ಲೆಕ್ಕದ ಭಾಗ ಬಂದಾಗ, ಅಂಕಿಗಳಿಗೆ ದುಭಾಷಿ ಏಕೆ, ಇವನು ದಿನವೂ ಮರಾಠಿಯಲ್ಲೇ ಕೂಲಿ ಹಂಚುತ್ತಾನಲ್ಲ ಎಂದು ನಾನೇ ಸುಮ್ಮನಾದೆ. ವರದಿ ಬಂತು: ನೆನಪು ಹೆಚ್ಚುಕಡಿಮೆ ಸರಿಯಾಗಿದೆ, ಗಮನ ಮತ್ತು ಗಣನೆ ಬಹಳ ಕುಂದಿವೆ. ಲೆಕ್ಕವನ್ನು ಬೇರೆಯವರು ನೋಡಿಕೊಂಡರಾಯಿತು ಎಂದು ಅವನನ್ನು ಕೆಲಸಕ್ಕೆ ಕಳುಹಿಸಿದೆವು.

ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಪರೀಕ್ಷೆ ಎಂದರೇನು, ಅದು ಏಕೆ ಬೇಕು ಎಂಬುದನ್ನು ನೋಡೋಣ.

ಮೂಳೆ ಮುರಿದರೆ ಚಿತ್ರ ತೆಗೆದು ತೋರಿಸಬಹುದು. ಮಿದುಳಿನ ವಿಷಯದಲ್ಲಿ ಚಿತ್ರ ಅರ್ಧ ಮಾತ್ರ ಹೇಳುತ್ತದೆ. ರಕ್ತ ಹೆಪ್ಪುಗಟ್ಟಿರುವುದನ್ನು, ಬುರುಡೆ ಬಿರಿದಿರುವುದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಆದರೆ ವೇಗವಾಗಿ ಹೋಗುತ್ತಿದ್ದ ತಲೆ ತಟ್ಟನೆ ನಿಂತಾಗ ಒಳಗಿನ ಸೂಕ್ಷ್ಮ ನರತಂತುಗಳು ಜಗ್ಗಿ ಹರಿದಿರುವುದು ಆ ಚಿತ್ರದಲ್ಲಿ ಕಾಣದೆ ಹೋಗಬಹುದು. ಚಿತ್ರ ಶುದ್ಧವಾಗಿದ್ದು ಮನುಷ್ಯ ಬದಲಾಗಿರುವುದು ಉಂಟು. 1848ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ರೈಲುಹಾದಿಯ ಕೆಲಸದ ಮುಖಂಡನಾಗಿದ್ದ ಫಿನಿಯಸ್ ಗೇಜ್ ಎಂಬವನ ತಲೆಯ ಮೂಲಕ ಕಬ್ಬಿಣದ ಸಲಾಕೆಯೊಂದು ಹಾದುಹೋಯಿತು. ಅವನು ಸಾಯಲಿಲ್ಲ, ನಡೆದ, ಮಾತಾಡಿದ. ಆದರೆ ಅವನನ್ನು ಬಲ್ಲವರಿಗೆ ಅವನು ಮೊದಲಿನ ಗೇಜ್ ಆಗಿ ಉಳಿದಿಲ್ಲವೆಂದು ಅವನ ವೈದ್ಯ ಹಾರ್ಲೊ 1868ರಲ್ಲಿ ಬರೆದರು. ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೂ ಮನುಷ್ಯನ ವಿವೇಚನೆ, ಸಂಯಮಗಳಿಗೂ ಸಂಬಂಧವಿದೆ ಎಂಬ ವಿಚಾರಕ್ಕೆ ಆ ದುರ್ದೈವಿ ದೊಡ್ಡ ಸಾಕ್ಷಿಯಾದ.

ಆದ್ದರಿಂದಲೇ ಮನಸ್ಸಿನ ಕೆಲಸವನ್ನು ಮನಸ್ಸಿನಿಂದಲೇ ಮಾಡಿಸಿ ನೋಡುವ ಪರೀಕ್ಷೆಗಳು ಹುಟ್ಟಿದವು. ಅಂಕಿಗಳ ಸರಣಿಯನ್ನು ಕೇಳಿ ಹಾಗೆಯೇ ಹೇಳುವುದು, ಹಿಂದುಮುಂದಾಗಿ ಹೇಳುವುದು. ಪದಗಳ ಪಟ್ಟಿಯನ್ನು ಹಲವು ಸಲ ಕೇಳಿ ಕಲಿತು ಅರ್ಧ ಗಂಟೆಯ ಬಳಿಕ ನೆನೆಯುವುದು. ತೊಡಕಿನ ಆಕೃತಿಯೊಂದನ್ನು ನೋಡಿ ಬರೆದು, ಮರೆಮಾಡಿದ ಮೇಲೆ ನೆನಪಿನಿಂದ ಬರೆಯುವುದು. ಮಣಿಗಳನ್ನು ಕಡಿಮೆ ನಡೆಗಳಲ್ಲಿ ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವುದು. ಅವಧಾನವೆಂಬ ಮಾತು ನಮಗೆ ಹೊಸದಲ್ಲ. ಎಂಟು ಕಡೆಯಿಂದ ಪ್ರಶ್ನೆ ಬಂದರೂ ಎಳೆ ತಪ್ಪದೆ ಉತ್ತರಿಸುವ ಅವಧಾನಿಯನ್ನು ನಾವು ಸಭೆಗಳಲ್ಲಿ ಕಂಡಿದ್ದೇವೆ. ಒಲೆಯ ಮೇಲೆ ಹಾಲು, ಕೈಯಲ್ಲಿ ಹಿಟ್ಟು, ಬಾಗಿಲಲ್ಲಿ ತರಕಾರಿಯವನು, ಹೀಗೆ ನಮ್ಮ ಮನೆಯ ಹೆಂಗಸರು ಮಾಡುವುದೂ ಅವಧಾನವೇ. ಪೆಟ್ಟು ಬಿದ್ದ ಮಿದುಳು ಅನೇಕ ವೇಳೆ ಮೊದಲು ಕಳೆದುಕೊಳ್ಳುವುದು ಇದನ್ನೇ. ಒಂದೊಂದನ್ನೇ ಕೊಟ್ಟರೆ ಮಾಡುತ್ತದೆ. ಎರಡನ್ನು ಒಟ್ಟಿಗೆ ಕೊಟ್ಟರೆ ಎರಡನ್ನೂ ಕೈಬಿಡುತ್ತದೆ.

ಈ ಪರೀಕ್ಷೆಯ ವರದಿ ಬರಿಯ ಕಾಗದವಲ್ಲ. ನೌಕರಿಗೆ ಮರಳಬಹುದೇ, ವಾಹನ ನಡೆಸಬಹುದೇ, ಯಾವ ಬಗೆಯ ಪುನರ್ವಸತಿ ಬೇಕು ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅದು ಸಾಕ್ಷ್ಯವಾಗಬಲ್ಲದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿರುವ 21 ಬಗೆಯ ಊನಗಳಲ್ಲಿ ತಲೆಪೆಟ್ಟಿನ ಪರಿಣಾಮಕ್ಕೆ ಪ್ರತ್ಯೇಕ ಹೆಸರಿಲ್ಲ. ಕೈಕಾಲು ಸರಿಯಿದ್ದು ಒಳಗೆ ಮುರಿದಿರುವ ಮನುಷ್ಯನ ಪಾಲಿಗೆ ಈ ವರದಿಯೇ ಬಾಯಿ.

ಇನ್ನು ಮೂಲ ಪ್ರಶ್ನೆಗೆ ಬರೋಣ. ದೇಹದ ಉಷ್ಣತೆಯನ್ನು ಅಳೆಯುವ ಪಾದರಸಕ್ಕೆ ಭಾಷೆ ಇಲ್ಲ. ಮನಸ್ಸನ್ನು ಅಳೆಯುವ ಈ ಸಾಧನಗಳಲ್ಲಿ ಹೆಚ್ಚಿನವಕ್ಕೆ ಭಾಷೆ ಇದೆ. ಅಳೆಯುವ ಗೋಲೇ ನುಡಿಯಿಂದ ಮಾಡಿದ್ದಾದರೆ, ಗೋಲು ಬದಲಾದಾಗ ಅಳತೆಯೂ ಬದಲಾಗುತ್ತದೆ. ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸುತ್ತೇನೆ.

ಅಂಕಿಗಳನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗೆ ಹೇಳಿ, ಅಕ್ಷರಗಳನ್ನು ಎಣಿಸಿ: 20 ಆಗುತ್ತವೆ. ಆಡುಮಾತಿನಲ್ಲಿ ಕೊನೆಯ ಉಕಾರ ಸವೆಯುತ್ತದಾದರೂ ಬರಹದ ಲೆಕ್ಕ ಇದು. ಮರಾಠಿಯಲ್ಲಿ ‘ಏಕ್’ನಿಂದ ‘ನಊ’ವರೆಗೆ ಹೇಳಿದಂತೆಯೇ ಎಣಿಸಿದರೆ 11, ಇಂಗ್ಲಿಷಿನಲ್ಲಿ 10. ಕೇಳಿದ ಅಂಕಿಗಳನ್ನು ನಾವು ಮನಸ್ಸಿನಲ್ಲೇ ಉಚ್ಚರಿಸುತ್ತ ಹಿಡಿದಿಟ್ಟುಕೊಳ್ಳುತ್ತೇವೆ. ಉಚ್ಚರಿಸಲು ಹೆಚ್ಚು ಹೊತ್ತು ಬೇಕಾದರೆ ಹಿಡಿದಿಡಬಹುದಾದ ಅಂಕಿಗಳು ಕಡಿಮೆಯಾಗುತ್ತವೆ. ಬ್ರಿಟನ್ನಿನ ವೇಲ್ಸ್ ಸೀಮೆಯ ಭಾಷೆಯಲ್ಲಿ ಅಂಕಿಗಳ ಹೆಸರುಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡೂ ಭಾಷೆ ಬಲ್ಲವರೇ ವೇಲ್ಸ್ ನುಡಿಯಲ್ಲಿ ಕಡಿಮೆ ಅಂಕಿಗಳನ್ನು ನೆನಪಿಡುತ್ತಾರೆಂದು ಎಲಿಸ್ ಮತ್ತು ಹೆನ್ನೆಲಿ ಎಂಬ ಸಂಶೋಧಕರು 1980ರಲ್ಲಿ ತೋರಿಸಿದರು. ಮಿದುಳು ಒಂದೇ, ಮನುಷ್ಯ ಒಬ್ಬನೇ, ಅಂಕ ಬೇರೆ. ಹೀಗಿರುವಾಗ ಒಂದು ಭಾಷೆಯಲ್ಲಿ ಗಳಿಸಿದ ಅಂಕವನ್ನು ಇನ್ನೊಂದು ಭಾಷೆಯವರ ಕೋಷ್ಟಕದ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಹೇಗೆ ನ್ಯಾಯ?

ಗಣನೆಯ ಪರೀಕ್ಷೆಯನ್ನು ನೋಡಿ. ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಎನ್ನುವುದು ಹೆಸರುವಾಸಿಯಾದ ಪರೀಕ್ಷೆ. 93, 86, 79, 72, 65. ಕನ್ನಡದಲ್ಲಿ ತೊಂಬತ್ತು ಮೊದಲು, ಮೂರು ಅನಂತರ. ಮರಾಠಿಯಲ್ಲಿ ‘ತ್ರ್ಯಾಣ್ಣವ್’, ಮೂರು ಮೊದಲು, ತೊಂಬತ್ತು ಅನಂತರ. ಇನ್ನು 79 ಎಂಬುದು ಮರಾಠಿಯಲ್ಲಿ ‘ಏಕೋಣಐಂಶಿ’, ಅಂದರೆ ಎಂಬತ್ತಕ್ಕೆ ಒಂದು ಕಡಿಮೆ. ಕಳೆಯುವ ಲೆಕ್ಕದ ಒಳಗೆ ಇನ್ನೊಂದು ಕಳೆಯುವ ಲೆಕ್ಕ! ಮರಾಠಿ ಶಾಲೆಯಲ್ಲಿ ಮಗ್ಗಿ ಕಲಿತವನಿಗೆ ಇದು ಉಸಿರಾಟದಷ್ಟು ಸಹಜ. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತು, ಮರಾಠಿ ಅಂಕಿಗಳನ್ನು ಪೇಟೆಯಲ್ಲಿ ಕಿವಿಯಿಂದ ಕೂಡಿಸಿಕೊಂಡ ನನ್ನ ತಮ್ಮನು ಪ್ರತಿಯೊಂದು ಮೆಟ್ಟಿಲಲ್ಲೂ ಒಳಗೆ ಕನ್ನಡದಲ್ಲಿ ಕಳೆದು, ತಿರುಗಿಸಿ, ಮರಾಠಿಯಲ್ಲಿ ಹೊರಗೆ ಹೇಳಬೇಕಾಯಿತು. ಗಾಯಗೊಂಡ ಮಿದುಳಿನ ಮೇಲೆ ಒಂದು ಹೊರೆಯ ಬದಲು ಎರಡು ಹೊರೆ. ಅವನು ಆಮೇಲೆ ನನಗೆ ಹೇಳಿದ ಮಾತು ಇದು: “ಅಣ್ಣಾ, ಲೆಕ್ಕಾ ನನಗ ಸಿಕ್ಕಿತ್ತು. ಅದನ್ನ ಅವರ ಮಾತಿನ್ಯಾಗ ಹೇಳೂದರಾಗ ಕಳದು ಹೋತು.”

ಪದಗಳ ಪರೀಕ್ಷೆಯೂ ಹಾಗೆಯೇ. ಒಂದು ನಿಮಿಷದಲ್ಲಿ ಇಂಥ ಅಕ್ಷರದಿಂದ ಆರಂಭವಾಗುವ ಎಷ್ಟು ಪದಗಳನ್ನು ಹೇಳಬಲ್ಲಿರಿ ಎಂದು ಕೇಳುತ್ತಾರೆ. ಇಂಗ್ಲಿಷಿನ ಬಿಡಿ ವರ್ಣಕ್ಕೂ ನಮ್ಮ ಕಾಗುಣಿತದ ಅಕ್ಷರಕ್ಕೂ ಹೋಲಿಕೆ ಇಲ್ಲ. ‘ಕ’ ಎಂದರೆ ಕಮಲ ಮಾತ್ರವೋ, ಕಾಡು, ಕಿವಿ, ಕೊಡೆ ಕೂಡ ಸಲ್ಲುತ್ತವೆಯೋ ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ಅಂಕಕ್ಕೆ ಅರ್ಥವಿಲ್ಲ. ಚಿತ್ರ ತೋರಿಸಿ ಹೆಸರು ಕೇಳಿದಾಗ ನಮ್ಮ ಕಡೆಯವನು ‘ಬಟಾಟಿ’, ‘ಖುರ್ಚಿ’ ಎನ್ನುತ್ತಾನೆ, ‘ಉಳ್ಳಾಗಡ್ಡಿ’ ಎನ್ನುತ್ತಾನೆ. ಬೆಂಗಳೂರಿನ ಪುಸ್ತಕದಲ್ಲಿ ಆಲೂಗಡ್ಡೆ, ಕುರ್ಚಿ, ಈರುಳ್ಳಿ ಎಂದಿರಬಹುದು. ಮೊದಲಿನ ಎರಡನ್ನು ಕೇಳಿ, ರೋಗಿ ಕನ್ನಡ ಮರೆತು ಮರಾಠಿ ಬೆರೆಸುತ್ತಿದ್ದಾನೆಂದು ಬರೆದರೆ ಅದು ರೋಗಿಯ ತಪ್ಪಲ್ಲ. ಅದೇ ಅವನ ಕನ್ನಡ.

ಇದು ಪರೀಕ್ಷೆಯ ಕೋಣೆಯಲ್ಲಿ ಆರಂಭವಾಗುವ ತೊಡಕೂ ಅಲ್ಲ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನ್ನೆಟ್ ರೂಪಿಸಿದ ಗ್ಲಾಸ್ಗೊ ಮಾಪಕವನ್ನು ಇಂದು ಲೋಕದ ಎಲ್ಲೆಡೆ ತುರ್ತು ಚಿಕಿತ್ಸೆಯಲ್ಲಿ ಬಳಸುತ್ತಾರೆ. ಕಣ್ಣು ತೆರೆಯುವುದು, ಮಾತು, ಚಲನೆ, ಈ ಮೂರಕ್ಕೆ ಸೇರಿ 3ರಿಂದ 15ರವರೆಗೆ ಅಂಕ. ಮಾತಿನ ಭಾಗದಲ್ಲಿ, ತಿಳಿವಿನಿಂದ ಉತ್ತರಿಸಿದರೆ 5. ಅರ್ಥವಾಗದ ಬರಿಯ ಶಬ್ದ ಹೊರಟರೆ 2. ಯಾದಗಿರಿಯಿಂದ ಬಂದ ಕೂಲಿ ಹೆಂಗಸು ನಡುರಾತ್ರಿ ತನ್ನ ಸೀಮೆಯ ಕನ್ನಡದಲ್ಲಿ ತೊದಲಿದರೆ, ಆ ನುಡಿಯನ್ನೇ ಕೇಳದ ಕಿವಿಗೆ ಅದು ಯಾವ ಅಂಕವಾಗಿ ಬೀಳುತ್ತದೆ ಎಂಬುದನ್ನು ನೀವೇ ಊಹಿಸಿ.

ಬಹುಭಾಷಿಯ ಮಿದುಳಿಗೆ ಪೆಟ್ಟು ಬಿದ್ದಾಗ ಯಾವ ನುಡಿ ಮೊದಲು ಮರಳುತ್ತದೆ? ಫ್ರಾನ್ಸಿನ ರಿಬೊ 1881ರಲ್ಲಿ, ಮೊದಲು ಕಲಿತದ್ದು ಕೊನೆಗೆ ಅಳಿಯುತ್ತದೆ ಎಂಬ ನಿಯಮವನ್ನು ಮುಂದಿಟ್ಟರು. ಅದೇ ದೇಶದ ಪಿತ್ರ್ 1895ರಲ್ಲಿ, ಹಾಗಲ್ಲ, ಪೆಟ್ಟಿಗೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದರು. ಇಬ್ಬರ ಮಾತಿಗೂ ಪೋಷಕವಾದ ರೋಗಿಗಳು ಸಿಕ್ಕಿದ್ದಾರೆ, ವಿರುದ್ಧವಾದವರೂ ಸಿಕ್ಕಿದ್ದಾರೆ. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೆ: ಯಾವ ನುಡಿ ಉಳಿದಿದೆ ಎಂಬುದನ್ನು ಕುಳಿತಲ್ಲೇ ಊಹಿಸಲಾಗದು; ಒಂದೊಂದು ನುಡಿಯಲ್ಲೂ ಕೇಳಿ ನೋಡಬೇಕು.

ಭಾಷೆಯ ಹಿಂದೆಯೇ ಶಾಲೆ ಇದೆ. ಯುದ್ಧದಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರನ್ನು ಅಭ್ಯಸಿಸಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ರಷ್ಯದ ಅಲೆಕ್ಸಾಂಡರ್ ಲೂರಿಯಾ, ಅದಕ್ಕೂ ಮೊದಲು 1931–32ರಲ್ಲಿ ಉಜ್ಬೇಕಿಸ್ತಾನದ ರೈತರ ನಡುವೆ ಕೆಲಸ ಮಾಡಿದ್ದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದರೆ, ಶಾಲೆಯ ಮುಖ ಕಾಣದ ರೈತರು ದಿಮ್ಮಿಯನ್ನು ಹೊರಗಿಡಲು ಒಪ್ಪಲಿಲ್ಲ. ದಿಮ್ಮಿ ಇಲ್ಲದಿದ್ದರೆ ಗರಗಸದಿಂದ ಮಾಡುವುದೇನು ಎಂಬುದು ಅವರ ನಿಲುವು. ತರ್ಕಶಾಸ್ತ್ರದ ಮೇಷ್ಟರಾಗಿ ನಾನು ಅವರಿಗೆ ಸೊನ್ನೆ ಕೊಡುತ್ತಿದ್ದೆ. ಆದರೆ ಅದು ಕೆಟ್ಟ ಮಿದುಳಿನ ಉತ್ತರವಲ್ಲ. ಕೆಲಸ ಬಲ್ಲ ಕೈಯ ಉತ್ತರ. ಪುಣೆಯ ಬಹುಮಹಡಿ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಜನರಲ್ಲಿ ಇಂಥ ಉತ್ತರ ಕೊಡುವವರು ಎಷ್ಟು ಮಂದಿ! ಅವರನ್ನು ಪದವೀಧರರ ಅಳತೆಗೋಲಿನಿಂದ ಅಳೆದರೆ, ಪೆಟ್ಟು ಬೀಳುವ ಮೊದಲೇ ಅವರು ರೋಗಿಗಳಾಗಿಬಿಡುತ್ತಾರೆ.

ಈ ಕೊರತೆಯನ್ನು ವಿದ್ವಾಂಸರು ಕಾಣಲಿಲ್ಲವೆಂದು ಹೇಳಲಾರೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಅವರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಗುಣವಾಗಿ ಬೇರೆ ಬೇರೆ ಮಾನಕಗಳಿವೆ, ಅನಕ್ಷರಸ್ಥರಿಗೂ ಜಾಗವಿದೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಮರೆವಿನ ರೋಗದ ತಪಾಸಣೆಗಾಗಿ ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷೆಗಳ ಪೆಟ್ಟಿಗೆಯಲ್ಲಿ ಕನ್ನಡವೂ ಒಂದು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡಕ್ಕೆ ಗೋಲು ಇಲ್ಲವೆಂಬ ಮಾತು ಈಗ ಸಲ್ಲದು. ಗೋಲು ಬೆಂಗಳೂರಿನಲ್ಲಿದೆ, ಪೆಟ್ಟು ಪುಣೆಯಲ್ಲಿ ಬಿದ್ದಿದೆ. ತೊಂದರೆ ಇರುವುದು ಇಲ್ಲಿ.

ನನ್ನನ್ನು ವಿಶೇಷವಾಗಿ ಸೆಳೆದದ್ದು ಇನ್ನೂ ಹಳೆಯ ಒಂದು ಕೆಲಸ. ಆಗಿನ ಮುಂಬಯಿ ಪ್ರಾಂತದಲ್ಲಿ ಪುಣೆ, ಬೆಳಗಾವಿ, ಧಾರವಾಡ, ವಿಜಯಪುರಗಳೆಲ್ಲ ಒಂದೇ ಆಡಳಿತದಡಿ ಇದ್ದವು. ಆ ಕಾಲದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. 1934ರಲ್ಲಿ ಅದರ ವಿವರ ಬ್ರಿಟನ್ನಿನ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. 1940ರಲ್ಲಿ ಪುಸ್ತಕ ಬಂತು. ಬಿನೆ–ಕಾಮತ್ ಪರೀಕ್ಷೆ ಎಂದು ಅದು ಹೆಸರಾಯಿತು. ಅದು ಮಕ್ಕಳ ಬುದ್ಧಿಯ ಅಳತೆ, ತಲೆಪೆಟ್ಟಿನದಲ್ಲ, ನಿಜ. ಆದರೆ ಒಬ್ಬನೇ ವಿದ್ವಾಂಸ, ಒಂದೇ ಕಾಲದಲ್ಲಿ, ಕನ್ನಡದ ಮಗುವನ್ನು ಕನ್ನಡದಲ್ಲಿ, ಮರಾಠಿಯ ಮಗುವನ್ನು ಮರಾಠಿಯಲ್ಲಿ ಕೇಳಬೇಕೆಂದು ಕಂಡುಕೊಂಡನಲ್ಲ, ಆ ನ್ಯಾಯಬುದ್ಧಿಯನ್ನು ಗಮನಿಸಿ. ಗಡಿಯ ಗೆರೆಗಳ ಬಗ್ಗೆ ನಾವು 1956ರಿಂದ ಜಗಳಾಡುತ್ತ ಬಂದಿದ್ದೇವೆ. ಗೆರೆಯ ಎರಡೂ ಕಡೆಯ ಮಕ್ಕಳಿಗೆ ಸಮನಾದ ಅಳತೆ ಬೇಕೆಂಬ ವಿಚಾರ ಆ ಜಗಳಕ್ಕಿಂತ ಹಳೆಯದು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಾನು ತಪ್ಪುಗಾರನಾಗುತ್ತೇನೆ. ಕನ್ನಡಿಗನಾದ ಮಾತ್ರಕ್ಕೆ ಪರೀಕ್ಷೆ ಕನ್ನಡದಲ್ಲೇ ನಡೆಯಬೇಕೆಂದು ನಾನು ವಾದಿಸುತ್ತಿಲ್ಲ. ಇಲ್ಲೇ ಹುಟ್ಟಿ ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮ ಮೊಮ್ಮಕ್ಕಳನ್ನು ನೋಡಿ. ಬಣ್ಣದ ಹೆಸರನ್ನು ಬೇರೆ ಬಣ್ಣದ ಮಸಿಯಲ್ಲಿ ಅಚ್ಚು ಮಾಡಿ, ಅಕ್ಷರವನ್ನು ಓದದೆ ಮಸಿಯ ಬಣ್ಣವನ್ನು ಹೇಳಿಸುವ ಪರೀಕ್ಷೆಯೊಂದುಂಟು. 1935ರಲ್ಲಿ ಸ್ಟ್ರೂಪ್ ಎಂಬವರು ರೂಪಿಸಿದ್ದು. ಓದು ಬಲ್ಲವನಿಗೆ ಅಕ್ಷರ ಅಡ್ಡಬರುತ್ತದೆ; ಆ ಅಡ್ಡಿಯನ್ನು ತಡೆಯುವ ಶಕ್ತಿಯೇ ಅಲ್ಲಿ ಅಳೆಯುವ ವಸ್ತು. ಕನ್ನಡ ಲಿಪಿಯನ್ನು ಓದಲು ಬಾರದ ಹುಡುಗನ ಮುಂದೆ ಕನ್ನಡದ ಹಾಳೆಯನ್ನಿಟ್ಟರೆ ಅಡ್ಡಿಯೇ ಇರುವುದಿಲ್ಲ. ಅವನು ಸಲೀಸಾಗಿ ಗೆಲ್ಲುತ್ತಾನೆ, ಗಾಯ ಮುಚ್ಚಿಹೋಗುತ್ತದೆ. ಅಭಿಮಾನದಿಂದ ಆರಿಸಿದ ಭಾಷೆಯೂ ಅಳತೆಯನ್ನು ಕೆಡಿಸಬಲ್ಲದು. ಕೇಳಬೇಕಾದ ಪ್ರಶ್ನೆ, ನಿನ್ನ ಮಾತೃಭಾಷೆ ಯಾವುದು ಎಂಬುದಲ್ಲ. ಯಾವ ನುಡಿಯಲ್ಲಿ ಮಗ್ಗಿ ಕಲಿತೆ, ಯಾವುದರಲ್ಲಿ ಹಣ ಎಣಿಸುತ್ತೀ, ಯಾವುದನ್ನು ಓದುತ್ತೀ, ಸಿಟ್ಟು ಬಂದಾಗ ಯಾವುದರಲ್ಲಿ ಬೈಯುತ್ತೀ ಎಂಬುದು.

ಹಲವು ನುಡಿಗಳಲ್ಲಿ ಬದುಕುವುದು ನಮ್ಮ ದೌರ್ಬಲ್ಯವೂ ಅಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದ 608 ರೋಗಿಗಳನ್ನು ಅಭ್ಯಸಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ಭಾಷೆ ಬಲ್ಲವರಲ್ಲಿ ಶೇಕಡಾ 40.5 ಮಂದಿಯ ಬೌದ್ಧಿಕ ಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಶೇಕಡಾ 19.6 ಮಂದಿಯದು ಮಾತ್ರ. ಪಾರ್ಶ್ವವಾಯು ಬೇರೆ, ಅಪಘಾತದ ಪೆಟ್ಟು ಬೇರೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಲಾಗದು. ಆದರೂ ಎರಡು ನುಡಿಗಳ ನಡುವೆ ಬದುಕಿದವನನ್ನು ಅರೆಬರೆಯವನೆಂದು ಕಾಣುವ ಕಣ್ಣಿಗೆ ಇದು ಉತ್ತರ.

ಈಗ ತಮ್ಮನ ವಿಷಯಕ್ಕೆ ಮರಳುತ್ತೇನೆ. ಕೆಲಸಕ್ಕೆ ಹೋದ ಮೂರು ವಾರಗಳಲ್ಲಿ ಅವನು ಒಬ್ಬನೇ ಆಳಿಗೆ ಎರಡು ಸಲ ಕೂಲಿ ಕೊಟ್ಟ. ಸಿಮೆಂಟಿಗೆ ಹೇಳಿಕಳುಹಿಸಿದ್ದನ್ನು ಮರೆತು ಮತ್ತೆ ತರಿಸಿದ. ಒಂದು ದಿನ ಗೋಡೆಗೆ ಕಟ್ಟಿದ್ದ ಸಾರುವೆಯ ಹಗ್ಗವನ್ನು ಬಿಚ್ಚಿಸಿ, ಬಿಚ್ಚಿಸಿದ್ದು ನೆನಪಿಲ್ಲದೆ ಆಳನ್ನು ಮೇಲೆ ಹತ್ತಿಸಲು ಹೊರಟ. ಪಕ್ಕದಲ್ಲಿದ್ದವನು ಕೂಗಿ ತಡೆದನಾದ್ದರಿಂದ ಒಂದು ಜೀವ ಉಳಿಯಿತು. ವರದಿಯ ಪ್ರಕಾರ ನೆನಪು ಸರಿಯಾಗಿದ್ದ ಮನುಷ್ಯ ಇವನು. ಒಂದು ವರ್ಷದ ಮೇಲೆ ಬೆಂಗಳೂರಿಗೆ ಕರೆದೊಯ್ದು, ಕನ್ನಡ ಬಲ್ಲ ಮನೋವಿಜ್ಞಾನಿಯಿಂದ ಪರೀಕ್ಷೆ ಮಾಡಿಸಿದೆವು. ನನ್ನನ್ನು ಹೊರಗೆ ಕೂರಿಸಿದರು. ಫಲಿತಾಂಶ ತಿರುವುಮುರುವಾಗಿತ್ತು. ಗಣನೆ ಚೆನ್ನಾಗಿಯೇ ಇತ್ತು. ಹೊಸದನ್ನು ನೆನಪಿಡುವುದು ಮತ್ತು ಕೆಲಸವನ್ನು ಕ್ರಮವಾಗಿ ಯೋಜಿಸುವುದು, ಈ ಎರಡೂ ಆಳವಾಗಿ ಕೆಟ್ಟಿದ್ದವು.

ನಡುವೆ ಒಂದು ವರ್ಷ ಕಳೆದಿತ್ತು. ಮಿದುಳು ಅಷ್ಟಿಷ್ಟು ಚೇತರಿಸಿಕೊಂಡಿತ್ತು. ಲೆಕ್ಕದಲ್ಲಿ ಕಂಡ ಸುಧಾರಣೆಯಲ್ಲಿ ಕಾಲದ ಪಾಲೆಷ್ಟು, ಭಾಷೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಆದರೆ ಚೇತರಿಕೆಯ ಕಾಲದಲ್ಲಿ ನೆನಪಿನ ಅಂಕ ಇಳಿದದ್ದೇಕೆ? ತರ್ಕಶಾಸ್ತ್ರದವನಿಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಮೊದಲನೆಯ ಪರೀಕ್ಷೆಯಲ್ಲಿ ಅಳೆದ ನೆನಪಿನಲ್ಲಿ ಒಂದು ಭಾಗ ನನ್ನದಾಗಿತ್ತು. ನನ್ನ ಆರೋಗ್ಯವಂತ ಮಿದುಳಿಗೆ ಅಂಕ ಬಂತು. ಅದರ ಬೆಲೆಯನ್ನು ಅವನ ಆಳು ತೆರಬೇಕಾಗಿತ್ತು.

ಇದು ನನ್ನೊಬ್ಬನ ತಪ್ಪು ಎಂದು ನಿಮ್ಮನ್ನು ಕಾಡುತ್ತಿಲ್ಲ. ದುಭಾಷಿ ಇಲ್ಲದೆಡೆ ಮನೆಯವರೇ ದುಭಾಷಿಗಳಾಗುವರು. ಪ್ರೀತಿ ಇರುವೆಡೆ ಅನುವಾದ ಶುದ್ಧವಾಗಿರದು. ನಮ್ಮ ಸಂವಿಧಾನ 1956ರ ಏಳನೆಯ ತಿದ್ದುಪಡಿಯಿಂದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು 350ಎ ವಿಧಿಯಲ್ಲಿ ಹೇಳಿತು. ಅದರ ಬಲದ ಮೇಲೆ ನಾವು ಶಾಲೆಗಳಿಗಾಗಿ ಹೋರಾಡಿದೆವು. ಆಸ್ಪತ್ರೆಯ ಹಾಸಿಗೆಯ ಬಳಿ ನಿಲ್ಲುವ ನುಡಿಯ ಬಗ್ಗೆ ಆ ವಿಧಿ ಮಾತಾಡುವುದಿಲ್ಲ, ನಾವೂ ಮಾತಾಡಲಿಲ್ಲ. ಆರು ವರ್ಷದ ಮಗುವಿನ ನುಡಿಗಾಗಿ ಮನವಿ ಬರೆದ ಸಂಘಗಳು, ಅರವತ್ತರ ಕೂಲಿಕಾರನ ನುಡಿಗಾಗಿ ಏನೂ ಬರೆಯಲಿಲ್ಲ.

ಆದ್ದರಿಂದ ಸಂಘದ ಮುಂದೆ ನಾಲ್ಕು ಸಣ್ಣ ಕೆಲಸಗಳನ್ನು ಇಡುತ್ತೇನೆ. ಒಂದು: ಭಾಷೆಯ ಚೀಟಿ. ಗಾಯಾಳು ಎಷ್ಟು ಓದಿದ್ದಾನೆ, ಯಾವ ನುಡಿಯಲ್ಲಿ, ಯಾವ ಲಿಪಿ ಬಲ್ಲ, ಲೆಕ್ಕ ಯಾವುದರಲ್ಲಿ, ಯಾವ ಸೀಮೆಯ ಕನ್ನಡ, ಪೆಟ್ಟಿಗೆ ಮೊದಲು ಏನು ಕೆಲಸ ಮಾಡುತ್ತಿದ್ದ ಎಂಬುದನ್ನು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಒಂದು ಪುಟದಷ್ಟು ಬರೆದು ಪರೀಕ್ಷಕರ ಕೈಗೆ ಕೊಡುವುದು. ಎರಡು: ಮನೆಯವರಲ್ಲದ, ತರಬೇತಿ ಪಡೆದ ಹತ್ತು ಮಂದಿ ದುಭಾಷಿಗಳು. ತಡವರಿಸಿದರೆ ತಡವರಿಸಿದನೆಂದೇ ಹೇಳುವವರು, ತಲೆಯಾಡಿಸಿ ಸುಳಿವು ಕೊಡದವರು, ಕೋಣೆಯಿಂದ ಹೊರಬಂದು ಪ್ರಶ್ನೆಗಳನ್ನು ಊರಿಗೆ ಹಂಚದವರು. ಪ್ರಶ್ನೆ ಬಯಲಾದರೆ ಪರೀಕ್ಷೆ ಸತ್ತಂತೆ. ಮೂರು: ವರದಿ ಕೈಗೆ ಬಂದಾಗ ವಿನಯದಿಂದ ಮೂರು ಪ್ರಶ್ನೆ ಕೇಳುವ ಅಭ್ಯಾಸ. ಯಾವ ಭಾಷೆಯಲ್ಲಿ ನಡೆಯಿತು, ಯಾರ ಮಾನಕದೊಡನೆ ಹೋಲಿಸಿದಿರಿ, ದುಭಾಷಿ ಯಾರು? ಈ ಮೂರೂ ವರದಿಯಲ್ಲೇ ಬರೆದಿರಬೇಕು. ನಾಲ್ಕು: ಈ ಊರಿನಲ್ಲಿ ಕನ್ನಡ ಬಲ್ಲ ಮನೋವಿಜ್ಞಾನಿಗಳ ಮತ್ತು ವಾಕ್ ಚಿಕಿತ್ಸಕರ ಪಟ್ಟಿಯನ್ನು ಸಿದ್ಧಪಡಿಸಿ, ಬೆಂಗಳೂರು ಮತ್ತು ಮೈಸೂರಿನ ಸಂಸ್ಥೆಗಳೊಡನೆ ಪತ್ರವ್ಯವಹಾರ ಇಟ್ಟುಕೊಳ್ಳುವುದು.

ಇಷ್ಟರ ಜೊತೆಗೆ ಇನ್ನೊಂದು ಮಾತು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ತಲೆಗೆ ಪೆಟ್ಟು ಬಿದ್ದು ಮಲಗಿದ ಮರಾಠಿ ಕೂಲಿಕಾರನಿಗೂ ಇದೇ ಸಂಕಟ. ನೂರರಿಂದ ಏಳನ್ನು ಅವನು ಕನ್ನಡದಲ್ಲಿ ಕಳೆಯಲಾರ. ನಾವು ಇಲ್ಲಿ ಕೇಳುವುದನ್ನು ಅಲ್ಲಿ ಅವನಿಗೆ ಕೊಡಿಸಲು ನಮ್ಮ ನಾಡಿನ ಸರ್ಕಾರಕ್ಕೂ ನಾವೇ ಬರೆಯಬೇಕು. ಆಗ ಮಾತ್ರ ನಮ್ಮ ಬೇಡಿಕೆಗೆ ತೂಕ ಬರುತ್ತದೆ. ಕಾಮತರು ಎರಡೂ ಮಕ್ಕಳಿಗೆ ಗೋಲು ಮಾಡಿದ್ದರು ಎಂಬುದನ್ನು ಮರೆಯದಿರೋಣ.

ನನ್ನ ತಮ್ಮ ಈಗ ಮೇಸ್ತ್ರಿಯಲ್ಲ. ಬೇರೊಬ್ಬ ಮೇಸ್ತ್ರಿಯ ಕೈಕೆಳಗೆ ಗೋಡೆ ಕಟ್ಟುತ್ತಾನೆ. ತೂಗುಗುಂಡು ಹಿಡಿದರೆ ಅವನ ಗೋಡೆ ಇಂದಿಗೂ ಕೂದಲೆಳೆಯಷ್ಟೂ ವಾಲುವುದಿಲ್ಲ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಮಾಡಿದ್ದನ್ನು, ಮಾಡಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಸಂಜೆ ನನ್ನ ಬಳಿ ಕುಳಿತು ಅದನ್ನು ಓದಿ ಹೇಳುತ್ತಾನೆ. ನಡುವೆ ತಡೆದು ನಿಂತಾಗ ನನ್ನ ನಾಲಿಗೆ ಇಂದಿಗೂ ತುರಿಸುತ್ತದೆ. ಈಗ ಕಾಯುವುದನ್ನು ಕಲಿತಿದ್ದೇನೆ.